ಫೈಬರ್‌ಗ್ಲಾಸ್ ದೋಣಿಯ ಹೊರಮೈ: ಮನೆಬಳಕೆಯ ವಸ್ತುಗಳಿಂದ ಶುಚಿ ಮತ್ತು ಹೊಳಪು

ಗಾಜಿನ ಎಳೆಗಳನ್ನು ಪಾಲಿಯೆಸ್ಟರ್ ರಾಳದಲ್ಲಿ ಕೂರಿಸಿ ಕಟ್ಟಿದ ದೋಣಿಯ ಹೊರಮೈಯಿಂದ ಕೊಳೆ, ಕಲೆ, ಪಾಚಿ, ಸುಣ್ಣದ ಪೊರೆಗಳನ್ನು ತೆಗೆಯುವುದು, ಬಿಸಿಲಿಗೆ ಮಂಕಾದ ಮೇಲ್ಪದರವನ್ನು ಮತ್ತೆ ನುಣುಪುಗೊಳಿಸುವುದು, ಕೊನೆಗೆ ಅದರ ಮೇಲೆ ಮೇಣದ ರಕ್ಷೆ ಹಚ್ಚುವುದು ಈ ಕೆಲಸದ ಮೂರು ಹಂತಗಳು. ಇದಕ್ಕೆಂದೇ ತಯಾರಿಸಿದ ದುಬಾರಿ ದ್ರಾವಣಗಳು ಪೇಟೆಯಲ್ಲಿ ಸಿಗುತ್ತವೆ. ಅವುಗಳಲ್ಲಿ ನಿಜವಾಗಿ ಕೆಲಸ ಮಾಡುವ ರಾಸಾಯನಿಕಗಳಲ್ಲಿ ಹಲವು ಅಡುಗೆಮನೆ, ಬಚ್ಚಲುಮನೆ ಮತ್ತು ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಇರುವಂಥವೇ: ಮಾರ್ಜಕ, ವಿನೆಗರ್, ಅಡುಗೆ ಸೋಡಾ, ಆಕ್ಸಾಲಿಕ್ ಆಮ್ಲ, ಬ್ಲೀಚ್, ಸೀಮೆಎಣ್ಣೆ, ಕಾರಿಗೆ ಹಚ್ಚುವ ಮೇಣ. ಯಾವ ಕಲೆಗೆ ಯಾವುದು ಎಂಬ ತಿಳಿವಳಿಕೆಯಿದ್ದರೆ ಇಷ್ಟರಲ್ಲೇ ಕೆಲಸ ಅಚ್ಚುಕಟ್ಟಾಗಿ ಮುಗಿಯುತ್ತದೆ. ತಿಳಿವಳಿಕೆ ಇಲ್ಲದೆ ಕೈಗೆ ಸಿಕ್ಕಿದ್ದನ್ನು ಹಾಕಿ ತಿಕ್ಕಿದರೆ ಅವೇ ವಸ್ತುಗಳು ದೋಣಿಯ ಮೇಲ್ಪದರವನ್ನು ಮತ್ತೆ ಸರಿಪಡಿಸಲು ಕಷ್ಟವಾಗುವಷ್ಟು ಕೆಡಿಸುತ್ತವೆ.

ಹಿನ್ನೆಲೆ

ಗಾಜನ್ನು ಸೂಕ್ಷ್ಮ ಎಳೆಗಳಾಗಿ ಭಾರೀ ಪ್ರಮಾಣದಲ್ಲಿ ತಯಾರಿಸುವ ವಿಧಾನ 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಇದರಲ್ಲಿ ಗೇಮ್ಸ್ ಸ್ಲೇಟರ್ ಎಂಬ ಎಂಜಿನಿಯರ್‌ನ ಪಾತ್ರ ದೊಡ್ಡದು. ಓವೆನ್ಸ್-ಕಾರ್ನಿಂಗ್ ಕಂಪನಿ 1938ರಲ್ಲಿ ಸ್ಥಾಪನೆಯಾಗಿ ಈ ಎಳೆಯನ್ನು ಉದ್ಯಮವಾಗಿ ಬೆಳೆಸಿತು. ಅದೇ ಅವಧಿಯಲ್ಲಿ ಗಟ್ಟಿಯಾಗುವ ಪಾಲಿಯೆಸ್ಟರ್ ರಾಳಗಳೂ ಬಂದವು. ಓಹಾಯೊ ರಾಜ್ಯದ ಟೊಲೀಡೊ ನಗರದ ರೇ ಗ್ರೀನ್ 1942ರಲ್ಲಿ ಇವೆರಡನ್ನೂ ಸೇರಿಸಿ ಕಟ್ಟಿದ ಪುಟ್ಟ ದೋಣಿಯನ್ನು ಈ ಬಗೆಯ ಮೊದಲ ದೋಣಿಗಳಲ್ಲಿ ಒಂದೆಂದು ಗುರುತಿಸಲಾಗುತ್ತದೆ. 1950ರ ದಶಕದ ಕೊನೆಯ ಹೊತ್ತಿಗೆ ಹಾಯಿದೋಣಿಗಳನ್ನು ಅಚ್ಚಿನಲ್ಲಿ ಸಾಲಾಗಿ ತೆಗೆಯುವ ಉದ್ಯಮ ಬೇರೂರಿತು. ಭಾರತದ ಕಡಲತೀರಗಳಲ್ಲಿ ಮರದ ದೋಣಿಗಳ ಜಾಗಕ್ಕೆ ಫೈಬರ್ ದೋಣಿಗಳು ನಿಧಾನವಾಗಿ ಬಂದವು. 2004ರ ಸುನಾಮಿಯ ನಂತರ ತಮಿಳುನಾಡು ತೀರದಲ್ಲಿ ಈ ಬದಲಾವಣೆ ಬಹಳ ವೇಗ ಪಡೆಯಿತು.

ಮರದ ದೋಣಿಗೆ ಮೀನೆಣ್ಣೆ ಅಥವಾ ಗೇರುಬೀಜದ ಸಿಪ್ಪೆಯ ಎಣ್ಣೆ ಕುಡಿಸುವುದು ಪಶ್ಚಿಮ ಕರಾವಳಿಯ ಹಳೆಯ ರೂಢಿ. ಮರ ಎಣ್ಣೆಯನ್ನು ಹೀರಿಕೊಂಡು ನೀರನ್ನು ದೂರವಿಡುತ್ತದೆ. ಫೈಬರ್‌ಗ್ಲಾಸ್ ಎಣ್ಣೆ ಹೀರುವುದಿಲ್ಲ. ಅದರ ಆರೈಕೆಯ ದಾರಿಯೇ ಬೇರೆ, ಮತ್ತು ಅದು ಆರಂಭವಾಗುವುದು ಮೇಲ್ಪದರದ ಪರಿಚಯದಿಂದ.

ಮೇಲ್ಪದರದ ಸ್ವರೂಪ

ಫೈಬರ್ ದೋಣಿಯನ್ನು ಹೊರಗಿನಿಂದ ಒಳಕ್ಕೆ ಕಟ್ಟುತ್ತಾರೆ. ನುಣ್ಣಗೆ ಉಜ್ಜಿ ಮೇಣ ಹಚ್ಚಿದ ಅಚ್ಚಿನೊಳಗೆ ಮೊದಲು ಬಣ್ಣ ಬೆರೆಸಿದ ದಪ್ಪ ರಾಳವನ್ನು ಬಳಿಯುತ್ತಾರೆ ಅಥವಾ ಸಿಂಪಡಿಸುತ್ತಾರೆ. ಅದು ಗಟ್ಟಿಯಾಗುತ್ತಾ ಬಂದಂತೆ ಅದರ ಮೇಲೆ ಗಾಜಿನ ಎಳೆಯ ಚಾಪೆಗಳನ್ನು ಹಾಸಿ ರಾಳದಲ್ಲಿ ತೋಯಿಸುತ್ತಾ ಹೋಗುತ್ತಾರೆ. ಅಚ್ಚಿನಿಂದ ಬಿಡಿಸಿದಾಗ ಮೊದಲು ಬಳಿದ ರಾಳವೇ ದೋಣಿಯ ಹೊರಮೈಯಾಗಿ ಕಾಣುತ್ತದೆ. ಇದೇ ಜೆಲ್‌ಕೋಟ್. ಹೊಸ ದೋಣಿಯ ಹೊಳಪು ಅಚ್ಚಿನ ನುಣುಪಿನಿಂದ ಬಂದದ್ದು.

ಜೆಲ್‌ಕೋಟ್‌ನ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ನ ಆಸುಪಾಸು. ಬಿಳಿ ದೋಣಿಯಲ್ಲಿ ಅದಕ್ಕೆ ಬಣ್ಣ ಕೊಡುವುದು ಟೈಟಾನಿಯಂ ಡೈಆಕ್ಸೈಡ್. ಬಿಸಿಲಿನ ಅತಿನೇರಳೆ ಕಿರಣಗಳು ಮೇಲ್ಭಾಗದ ರಾಳದ ಅಣುಸರಪಳಿಗಳನ್ನು ಕಡಿಯುತ್ತವೆ. ನೀರು ಮತ್ತು ಗಾಳಿಯ ಆಮ್ಲಜನಕ ಈ ಸವೆತಕ್ಕೆ ಕೈಜೋಡಿಸುತ್ತವೆ. ಬಂಧ ಕಳೆದುಕೊಂಡ ರಾಳ ಮತ್ತು ಬಣ್ಣದ ಕಣಗಳು ಹುಡಿಯಾಗಿ ಮೇಲೆ ನಿಲ್ಲುತ್ತವೆ. ಒಂದು ಕಪ್ಪು ಬಟ್ಟೆಯನ್ನು ಒಣಗಿದ ಮೈಮೇಲೆ ಒತ್ತಿ ಎಳೆದರೆ ಸೀಮೆಸುಣ್ಣ ಮೆತ್ತಿದ ಹಾಗೆ ಬೆಳ್ಳಗೆ ಹತ್ತಿಕೊಳ್ಳುವುದು ಈ ಹುಡಿಯೇ. ಕೆಂಪು, ನೀಲಿಯಂಥ ಗಾಢ ಬಣ್ಣಗಳಲ್ಲಿ ಮಂಕು ಬೇಗ ಎದ್ದು ಕಾಣುತ್ತದೆ.

ಮಂಕಾದ ಜಾಗದ ಮೇಲೆ ಸ್ವಲ್ಪ ಸಿಹಿನೀರು ಚಿಮುಕಿಸಿ ನೋಡುವುದು ಉಪಯುಕ್ತ ಪರೀಕ್ಷೆ. ಒದ್ದೆಯಾದಾಗ ಬಣ್ಣ ತುಂಬಿ ಬಂದು ಹೊಳೆಯುತ್ತದೆ, ಒಣಗುತ್ತಿದ್ದಂತೆ ಮತ್ತೆ ಮಸುಕಾಗುತ್ತದೆ ಎಂದರೆ ಮೇಲ್ಮೈಯ ಸೂಕ್ಷ್ಮ ಗುಳಿಗಳನ್ನು ನೀರು ತಾತ್ಕಾಲಿಕವಾಗಿ ತುಂಬಿತ್ತು ಎಂದರ್ಥ. ಅಂಥ ಮೈ ಉಜ್ಜುವಿಕೆಗೆ ಮತ್ತು ಮೇಣಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ. ಒದ್ದೆಯಾದಾಗಲೂ ತೇಪೆ ತೇಪೆಯಾಗಿ ಕಂಡರೆ, ಅಥವಾ ಒಳಗಿನ ಎಳೆಗಳ ಹೆಣಿಗೆ ಮಸುಕಾಗಿ ತೋರಿದರೆ, ಜೆಲ್‌ಕೋಟ್ ಬಹುತೇಕ ಸವೆದಿದೆ. ಅಲ್ಲಿ ಮತ್ತೆ ಜೆಲ್‌ಕೋಟ್ ಅಥವಾ ಬಣ್ಣ ಬಳಿಯದೆ ಬೇರೆ ದಾರಿಯಿಲ್ಲ.

ಕೊಳೆಯ ಬಗೆಗಳು

ದೋಣಿಯ ಮೇಲಿನ ಕಲೆಗಳು ನೋಡಲು ಒಂದೇ ರೀತಿ ಕಂಡರೂ ಅವುಗಳ ರಸಾಯನ ಬೇರೆ ಬೇರೆ. ಎಂಜಿನ್ನಿನ ಹೊಗೆಮಸಿ, ಗ್ರೀಸ್, ಮೀನಿನ ಜಿಡ್ಡು ಎಣ್ಣೆಯ ಗುಂಪಿಗೆ ಸೇರಿದವು. ಉಪ್ಪುನೀರು ಒಣಗಿ ಉಳಿದ ಬಿಳಿ ಪೊರೆ ಮತ್ತು ಮೈಗೆ ಅಂಟಿಕೊಳ್ಳುವ ಬಾರ್ನಕಲ್ ಎಂಬ ಚಿಪ್ಪುಜೀವಿಯನ್ನು ಕಿತ್ತ ಮೇಲೆ ಉಳಿಯುವ ಉಂಗುರದ ಗುರುತು ಖನಿಜದ ಗುಂಪಿನವು. ಬಾರ್ನಕಲ್‌ನ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ದ್ರವ್ಯ. ಮೊಳೆ, ಬೋಲ್ಟು, ಸರಪಳಿಗಳಿಂದ ಇಳಿಯುವ ಕೆಂಪು ಗೆರೆ ಕಬ್ಬಿಣದ ತುಕ್ಕು. ಹಸಿರು, ಕಪ್ಪು ಚುಕ್ಕೆಗಳು ಪಾಚಿ ಮತ್ತು ಬೂಷ್ಟು.

ನೀರಿನ ಗೆರೆಯುದ್ದಕ್ಕೂ, ಅದರಲ್ಲೂ ಮೂತಿಯ ಎರಡೂ ಬದಿಗೆ ಮೂಡುವ ಹಳದಿ ಮಿಶ್ರಿತ ಕಂದು ಕಲೆ ಎಲ್ಲಕ್ಕಿಂತ ಹಟಮಾರಿ. ಕೊಳೆತ ಎಲೆ, ತೊಗಟೆಗಳಿಂದ ನದಿನೀರಿಗೆ ಇಳಿಯುವ ಟ್ಯಾನಿನ್ ಮತ್ತು ನೀರಿನಲ್ಲಿರುವ ಕಬ್ಬಿಣದ ಅಂಶ ಸೇರಿ ಇದು ಹುಟ್ಟುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದರು. ಅಳಲೆಯ ಟ್ಯಾನಿನ್ ಮತ್ತು ಅನ್ನಭೇದಿಯ ಕಬ್ಬಿಣ ಕೂಡಿದಾಗ ನಡೆಯುವ ಕ್ರಿಯೆಯೇ ದೋಣಿಯ ಮೈಮೇಲೂ ನಡೆಯುತ್ತದೆ. ಸಾಬೂನಿಗೆ ಇದು ಜಗ್ಗದಿರುವುದಕ್ಕೆ ಕಾರಣ ಇದೇ. ಜಿಡ್ಡನ್ನು ಎತ್ತುವ ವಸ್ತುವಿಗೆ ಕಬ್ಬಿಣವನ್ನು ಬಿಡಿಸುವ ಶಕ್ತಿ ಇರುವುದಿಲ್ಲ.

ಮಾರ್ಜಕಗಳು ಮತ್ತು ಸೋಡಾ

ಶುಚಿಯ ಮೊದಲ ಹೆಜ್ಜೆ ಯಾವಾಗಲೂ ಸಿಹಿನೀರು. ಮರಳು ಮತ್ತು ಉಪ್ಪಿನ ಹರಳು ಮೈಮೇಲೆ ಇರುವಾಗಲೇ ಬಟ್ಟೆ ಎಳೆದರೆ ಗೀರು ಬೀಳುತ್ತದೆ. ಧಾರಾಳವಾಗಿ ನೀರು ಹೊಯ್ದ ಮೇಲೆ ಪಾತ್ರೆ ತೊಳೆಯುವ ದ್ರವವನ್ನು ಬಕೆಟ್ ನೀರಿಗೆ ಸ್ವಲ್ಪ ಬೆರೆಸಿ ಮೆತ್ತನೆಯ ಕುಂಚ ಅಥವಾ ಸ್ಪಂಜಿನಿಂದ ತೊಳೆಯಬೇಕು. ಬಟ್ಟೆ ಒಗೆಯುವ ಬಾರ್ ಸಾಬೂನು ಕಡಲ ನೀರಿನಲ್ಲಿ ನೊರೆ ಕೊಡುವುದಿಲ್ಲ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಡನೆ ಕೂಡಿ ಬಿಳಿ ಗಸಿಯಾಗಿ ಮೈಗೇ ಅಂಟುತ್ತದೆ. ಸಂಶ್ಲೇಷಿತ ಮಾರ್ಜಕಕ್ಕೆ ಈ ತೊಡಕು ಕಡಿಮೆ. ಅಂಟುವಾಳದ ನೊರೆಯೂ ಹಗುರವಾದ ಜಿಡ್ಡಿಗೆ ಸಾಕಾಗುತ್ತದೆ, ಎಂಜಿನ್ ಮಸಿಗೆ ಸಾಲದು.

ಪಾತ್ರೆ ತೊಳೆಯುವ ದ್ರವ ಜಿಡ್ಡಿನ ಜೊತೆಗೆ ಹಳೆಯ ಮೇಣವನ್ನೂ ಒಂದಿಷ್ಟು ಎತ್ತಿಬಿಡುತ್ತದೆ. ವರ್ಷಕ್ಕೊಮ್ಮೆ ಹೊಸ ಮೇಣ ಹಚ್ಚುವ ಮುನ್ನ ಇದು ಅನುಕೂಲ. ವಾರವಾರ ತೊಳೆಯಲು ಮಾತ್ರ ಕಾರು ತೊಳೆಯುವ ಸೌಮ್ಯ ಶಾಂಪೂ ಮೇಲು.

ಅಡುಗೆ ಸೋಡಾ ದುರ್ಬಲ ಕ್ಷಾರ, ಜೊತೆಗೆ ಬಹಳ ಮೃದುವಾದ ಉಜ್ಜುಪುಡಿ. ನೀರಿನಲ್ಲಿ ಕಲಸಿ ಲೇಪದಂತೆ ಹಚ್ಚಿದರೆ ಚಪ್ಪಲಿಯ ಗುರುತು, ಹಕ್ಕಿಯ ಹಿಕ್ಕೆ, ಒಣಗಿದ ರಕ್ತದ ಕಲೆಗಳು ಬಿಡುತ್ತವೆ. ಇದನ್ನು ವಿನೆಗರ್ ಜೊತೆ ಬೆರೆಸಿ ಬಳಸಬೇಕೆಂಬ ಸಲಹೆ ವ್ಯಾಪಕವಾಗಿದೆ. ಬೆರೆಸಿದಾಗ ಉಕ್ಕುವ ನೊರೆ ಬರೀ ಇಂಗಾಲದ ಡೈಆಕ್ಸೈಡ್. ಆಮ್ಲವೂ ಕ್ಷಾರವೂ ಪರಸ್ಪರ ಸೋತು ಕೊನೆಗೆ ಉಳಿಯುವುದು ತೆಳುವಾದ ಲವಣದ್ರಾವಣ. ಬೇರೆ ಬೇರೆಯಾಗಿ, ಬೇರೆ ಬೇರೆ ಕಲೆಗೆ ಬಳಸಿದಾಗಲೇ ಎರಡಕ್ಕೂ ಬೆಲೆ.

ಆಮ್ಲಗಳು

ಮನೆಯ ವಿನೆಗರ್‌ನಲ್ಲಿ ಸುಮಾರು 4ರಿಂದ 5 ಪ್ರತಿಶತ ಅಸಿಟಿಕ್ ಆಮ್ಲ ಇರುತ್ತದೆ. ಉಪ್ಪು ಮತ್ತು ಸುಣ್ಣದ ತೆಳು ಪೊರೆಗೆ ಇದು ಸಾಕು. ಬಟ್ಟೆಯನ್ನು ವಿನೆಗರ್‌ನಲ್ಲಿ ನೆನೆಸಿ ಕಲೆಯ ಮೇಲೆ ಹಾಸಿ ಕೆಲವು ನಿಮಿಷ ಬಿಟ್ಟರೆ ಪೊರೆ ಕರಗಿ ಸಡಿಲವಾಗುತ್ತದೆ. ನಿಂಬೆರಸದ ಸಿಟ್ರಿಕ್ ಆಮ್ಲ, ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ಇದೇ ಜಾತಿಯ ಕೆಲಸ ಮಾಡುತ್ತವೆ. ಹಿತ್ತಾಳೆ ಪಾತ್ರೆಯನ್ನು ಬೆಳಗುವ ಹುಣಸೆಹಣ್ಣು ದೋಣಿಯ ಮೇಲಿನ ಹಗುರ ತುಕ್ಕನ್ನೂ ಸ್ವಲ್ಪ ಮಟ್ಟಿಗೆ ಬಿಡಿಸಬಲ್ಲದು. ನಾರು, ಸಿಪ್ಪೆ ಸೋಸಿ ತೆಗೆದ ರಸವನ್ನಷ್ಟೇ ಬಳಸಬೇಕು.

ತುಕ್ಕಿಗೆ ಮತ್ತು ನೀರ್ಗೆರೆಯ ಕಂದು ಕಲೆಗೆ ನಿಜವಾದ ಮದ್ದು ಆಕ್ಸಾಲಿಕ್ ಆಮ್ಲ. ಅಮೃತಶಿಲೆಯ ನೆಲಕ್ಕೆ ಹೊಳಪು ಕೊಡುವವರು, ಮರಗೆಲಸದವರು ಬಳಸುವ ಈ ಬಿಳಿ ಹರಳು ಹಾರ್ಡ್‌ವೇರ್ ಮತ್ತು ರಾಸಾಯನಿಕ ಅಂಗಡಿಗಳಲ್ಲಿ ಸಿಗುತ್ತದೆ. ಅಮೆರಿಕದಲ್ಲಿ 1882ರಿಂದ ಮಾರಾಟದಲ್ಲಿರುವ ಬಾರ್ ಕೀಪರ್ಸ್ ಫ್ರೆಂಡ್ ಎಂಬ ಪಾತ್ರೆಪುಡಿಯ ಮುಖ್ಯ ಸಕ್ರಿಯ ಅಂಶವೂ ಇದೇ. ಅಲ್ಲಿನ ದೋಣಿ ಮಾಲೀಕರು ಅದನ್ನು ಬಹಳ ಕಾಲದಿಂದ ಬಳಸುತ್ತಾ ಬಂದಿದ್ದಾರೆ. ಆಕ್ಸಾಲಿಕ್ ಆಮ್ಲ ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವ ಸಂಯುಕ್ತವಾಗಿ ಮಾರ್ಪಡಿಸುತ್ತದೆ. ಬಿಸಿನೀರಿನಲ್ಲಿ ಕರಗಿಸಿದ ದುರ್ಬಲ ದ್ರಾವಣವನ್ನು ಕಂದು ಗೆರೆಯ ಮೇಲೆ ಹಚ್ಚಿ ಸುಮ್ಮನೆ ಕಾದರೆ ಕೆಲಸ ಕಣ್ಣೆದುರೇ ನಡೆಯುತ್ತದೆ: ಮೊದಲು ಕಲೆಯ ಅಂಚು ಮಸುಕಾಗುತ್ತದೆ, ಆಮೇಲೆ ಕಂದು ತಿಳಿಹಳದಿಗೆ ತಿರುಗುತ್ತದೆ, ಕೆಲವೇ ನಿಮಿಷಗಳಲ್ಲಿ ಕೆಳಗಿನ ಬಿಳಿ ಕಾಣುತ್ತದೆ. ತಿಕ್ಕುವ ಅಗತ್ಯ ಬೀಳುವುದಿಲ್ಲ. ಲಂಬವಾದ ಮೈಮೇಲೆ ದ್ರಾವಣ ಜಾರಿಹೋಗದಂತೆ ಮೈದಾ ಅಥವಾ ಜೋಳದ ಹಿಟ್ಟಿನ ಗಂಜಿಯಲ್ಲಿ ಕಲಸಿ ಹಚ್ಚಬಹುದು. ಒಣಗುವ ಮುನ್ನವೇ ಸಿಹಿನೀರಿನಿಂದ ತೊಳೆಯಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಆಕ್ಸಾಲಿಕ್ ಆಮ್ಲ ಸುಣ್ಣದೊಡನೆ ಸೇರಿದಾಗ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಆಕ್ಸಲೇಟ್ ಉಂಟಾಗುತ್ತದೆ. ಸುಣ್ಣದ ಪೊರೆಯ ಮೇಲೆ ಇದನ್ನು ಹಾಕಿದರೆ ಬಿಳಿ ಮಬ್ಬು ಇನ್ನೂ ಗಟ್ಟಿಯಾಗಿ ಕೂರುತ್ತದೆ. ಆದ್ದರಿಂದ ಸುಣ್ಣಕ್ಕೆ ಮೊದಲು ವಿನೆಗರ್, ಅದನ್ನು ತೊಳೆದ ಮೇಲೆ ಕಬ್ಬಿಣದ ಕಲೆಗೆ ಆಕ್ಸಾಲಿಕ್ ಆಮ್ಲ. ಕೊನೆಯ ತೊಳೆತ ಕಡಲ ನೀರಿನಲ್ಲಿ ಸಲ್ಲದು, ಏಕೆಂದರೆ ಅದರಲ್ಲೂ ಕ್ಯಾಲ್ಸಿಯಂ ಇದೆ.

ಶೌಚಾಲಯ ತೊಳೆಯುವ ದ್ರವಗಳಲ್ಲಿ ಹಲವು ಹೈಡ್ರೋಕ್ಲೋರಿಕ್ ಆಮ್ಲದವು. ಭಾರತದಲ್ಲಿ ಮಾರಾಟವಾಗುವ ಕೆಲವುಗಳಲ್ಲಿ ಅದು ಸುಮಾರು 10 ಪ್ರತಿಶತ ಇರುತ್ತದೆ. ಬಾರ್ನಕಲ್‌ನ ಉಂಗುರದ ಗುರುತನ್ನು ಇದು ಕ್ಷಣದಲ್ಲಿ ಕರಗಿಸುತ್ತದೆ. ಆದರೆ ಸತುವಿನ ತುಂಡು, ಅಲ್ಯೂಮಿನಿಯಂ ಪಟ್ಟಿ, ಸತು ಲೇಪಿಸಿದ ಟ್ರೇಲರ್, ಸ್ಟೇನ್‌ಲೆಸ್ ಉಕ್ಕಿನ ಕೊಂಡಿ ಎಲ್ಲವನ್ನೂ ತಿನ್ನುತ್ತದೆ. ಬೇರೆ ಉಪಾಯ ಸೋತಾಗ, ನೀರು ಬೆರೆಸಿ, ಗುರುತಿನ ಮೇಲಷ್ಟೇ ಹಚ್ಚಿ, ಕೂಡಲೇ ತೊಳೆಯುವಂಥ ವಸ್ತು ಇದು.

ಬ್ಲೀಚ್, ದ್ರಾವಕ, ಎಣ್ಣೆ

ಸೋಡಿಯಂ ಹೈಪೋಕ್ಲೋರೈಟಿನ ಬ್ಲೀಚ್ ಬೂಷ್ಟನ್ನೂ ಪಾಚಿಯನ್ನೂ ಕೊಲ್ಲುತ್ತದೆ. ತುಕ್ಕನ್ನು ತೆಗೆಯದು, ಕೆಲವೊಮ್ಮೆ ಕಬ್ಬಿಣದ ಕಲೆಯನ್ನು ಇನ್ನಷ್ಟು ಗಾಢಗೊಳಿಸುತ್ತದೆ. ಆಸನದ ಹೊಲಿಗೆಯ ದಾರವನ್ನು ಸಡಿಲಿಸುತ್ತದೆ, ಉಕ್ಕನ್ನು ಕೊರೆಯುತ್ತದೆ. ಚೆನ್ನಾಗಿ ತೆಳುಗೊಳಿಸಿ, ಬೂಷ್ಟಿರುವ ಜಾಗಕ್ಕೆ ಮಾತ್ರ ಹಚ್ಚಿ, ಸ್ವಲ್ಪ ಹೊತ್ತಿನಲ್ಲಿ ತೊಳೆದುಬಿಡಬೇಕು.

ಡಾಂಬರು, ಗ್ರೀಸ್, ಹಳೆಯ ಎಂಜಿನ್ ಎಣ್ಣೆಗೆ ಸೀಮೆಎಣ್ಣೆ ಒದ್ದೆ ಮಾಡಿದ ಬಟ್ಟೆ ಸಾಕು. ಅದರ ಜಿಡ್ಡು ಉಳಿಯದಂತೆ ಮತ್ತೆ ಮಾರ್ಜಕದಿಂದ ತೊಳೆಯಬೇಕು. ಸ್ಟಿಕ್ಕರ್ ಕಿತ್ತ ಮೇಲಿನ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬಿಟ್ಟರೆ ಅಂಟು ಮೆತ್ತಗಾಗಿ ಬರುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್ ಬಿರುಸಾದ ದ್ರಾವಕ. ಪೂರ್ತಿ ಗಟ್ಟಿಯಾದ ಜೆಲ್‌ಕೋಟ್ ಒಂದು ಕ್ಷಣದ ಒರೆಸುವಿಕೆಯನ್ನು ತಾಳಿಕೊಳ್ಳುತ್ತದೆ, ಬಣ್ಣ ಬಳಿದ ಮೈ ಮತ್ತು ಪ್ಲಾಸ್ಟಿಕ್ ಕಿಟಕಿಗಳು ತಾಳುವುದಿಲ್ಲ. ಪೆಟ್ರೋಲನ್ನು ಈ ಕೆಲಸಕ್ಕೆ ಎಂದೂ ಬಳಸಬಾರದು.

ಮಂಕಾದ ಮೈಗೆ ಅಡುಗೆ ಎಣ್ಣೆ ಅಥವಾ ಕೊಬ್ಬರಿ ಎಣ್ಣೆ ಸವರಿ ಹೊಳಪು ಬರಿಸುವುದುಂಟು. ಅದು ನೀರು ಚಿಮುಕಿಸಿದಾಗ ಕಂಡ ಹೊಳಪಿನಂಥದ್ದೇ, ಸ್ವಲ್ಪ ಹೆಚ್ಚು ಹೊತ್ತು ಉಳಿಯುತ್ತದೆ ಅಷ್ಟೆ. ಬಿಸಿಲಿಗೆ ಎಣ್ಣೆ ಅಂಟಂಟಾಗಿ ಧೂಳು ಹಿಡಿಯುತ್ತದೆ.

ಉಜ್ಜುವ ವಸ್ತುಗಳು

ಕಲೆ ರಾಸಾಯನಿಕದಿಂದ ಹೋಗದಿದ್ದಾಗ, ಅಥವಾ ಮೇಲಿನ ಹುಡಿಪದರವನ್ನು ತೆಗೆಯಬೇಕಾದಾಗ ಮಾತ್ರ ಉಜ್ಜುವ ಸರದಿ. ಇಲ್ಲಿ ಗಡಸುತನವೇ ಮುಖ್ಯ. ಅಡುಗೆ ಸೋಡಾ ಅತಿ ಮೃದು. ಹಲ್ಲುಪುಡಿ, ಟೂತ್‌ಪೇಸ್ಟ್‌ಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಸಿಲಿಕಾ ಇರುತ್ತದೆ, ಅಂಗೈಯಗಲದ ಜಾಗಕ್ಕೆ ಅವು ಒಳ್ಳೆಯ ಹೊಳಪು ಕೊಡುತ್ತವೆ. ಬಿಳಿ ಮೆಲಮೈನ್ ಸ್ಪಂಜು ಮೆತ್ತಗೆ ತೋರಿದರೂ ನಿಜದಲ್ಲಿ ಬಹಳ ನಯವಾದ ಉಪ್ಪುಕಾಗದದ ಕೆಲಸ ಮಾಡುತ್ತದೆ. ಗುರುತನ್ನು ಅಳಿಸುವುದರ ಜೊತೆಗೆ ಹೊಳಪನ್ನೂ ಮೇಣವನ್ನೂ ಒರೆಸಿಬಿಡುತ್ತದೆ.

ಒಲೆಯ ಬೂದಿ, ಮರಳು, ಇಟ್ಟಿಗೆಪುಡಿ, ತೆಂಗಿನ ನಾರು, ಸ್ಟೀಲಿನ ಜುಂಗು ಇವು ಜೆಲ್‌ಕೋಟ್‌ಗೆ ಸಲ್ಲವು. ಸ್ಟೀಲಿನ ಜುಂಗಿನ ಚೂರುಗಳು ಗೀರಿನೊಳಗೆ ಸಿಕ್ಕಿಕೊಂಡು ತಾವೇ ತುಕ್ಕು ಹಿಡಿದು ಹೊಸ ಕಲೆಗಳನ್ನು ಹುಟ್ಟಿಸುತ್ತವೆ. ಬಾರ್ನಕಲ್ ಕೀಳಲು ಮರದ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ಕೋಲು ಸರಿ. ಕಬ್ಬಿಣದ ಉಳಿ ಬೇಡ.

ದೊಡ್ಡ ಮೈಗೆ ಕಾರಿನ ಬಣ್ಣಕ್ಕೆ ಬಳಸುವ ರಬ್ಬಿಂಗ್ ಕಾಂಪೌಂಡ್ ಅನುಕೂಲ. ಸಣ್ಣ ಸಣ್ಣ ಚೌಕಗಳಲ್ಲಿ, ನೆರಳಿನಲ್ಲಿ, ಒಂದೇ ಒತ್ತಡದಲ್ಲಿ ಉಜ್ಜಬೇಕು. ಬಟ್ಟೆಗೆ ದೋಣಿಯ ಬಣ್ಣ ಹತ್ತುವುದು ಸಹಜ, ಸವೆಯುತ್ತಿರುವುದು ಜೆಲ್‌ಕೋಟ್ ತಾನೇ. ಯಂತ್ರದಿಂದ ಉಜ್ಜುವಾಗ ಒಂದೇ ಕಡೆ ನಿಂತರೆ ಮೈ ಕಾದು ಸುಟ್ಟ ಗುರುತು ಬೀಳುತ್ತದೆ. ಅಂಚು, ಮೂಲೆಗಳಲ್ಲಿ ಪದರ ಬೇಗ ತೀರಿಹೋಗುತ್ತದೆ, ಅಲ್ಲಿ ಕೈಯಿಂದಲೇ ಉಜ್ಜುವುದು ಒಳಿತು.

ಮೇಣ ಮತ್ತು ಹೊಳಪು

ಉಜ್ಜಿದ ಮೈಯನ್ನು ಬರಿದಾಗಿ ಬಿಟ್ಟರೆ ಬಿಸಿಲು ಅದನ್ನು ಬಲುಬೇಗ ಮತ್ತೆ ಮಂಕಾಗಿಸುತ್ತದೆ. ಅದಕ್ಕೆ ರಕ್ಷೆ ಮೇಣ. ಕಾರಿನ ಮೇಣಗಳಲ್ಲಿ ಹೆಸರಾದ ಕಾರ್ನೌಬಾ ಈಶಾನ್ಯ ಬ್ರೆಜಿಲ್‌ನ ಒಂದು ತಾಳೆಮರದ ಎಲೆಯಿಂದ ಬರುತ್ತದೆ. ಅದು ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಜೇನುಮೇಣ 62ರಿಂದ 64 ಡಿಗ್ರಿಗೇ ಕರಗುತ್ತದೆ. ಬಿಸಿಲಲ್ಲಿ ಕಾದ ದೋಣಿಯ ಮೇಲೆ ಕಾರ್ನೌಬಾ ಗಟ್ಟಿಯಾಗಿ ನಿಲ್ಲುವುದು, ಜೇನುಮೇಣ ಮೆತ್ತಗಾಗಿ ಧೂಳು ಹಿಡಿಯುವುದು ಇದರಿಂದಲೇ. ತೆಳುವಾಗಿ ಹಚ್ಚಿ, ಮಬ್ಬು ಕಟ್ಟಿದ ಮೇಲೆ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಬೇಕು. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ಎರಡು ಲೇಪ ಮೇಲು. ನೀರು ಮುತ್ತಿನಂತೆ ಉರುಳುತ್ತಿರುವವರೆಗೆ ಮೇಣ ಇದೆ. ಹಾಳೆಯಂತೆ ಹರಡತೊಡಗಿದರೆ ಮತ್ತೆ ಹಚ್ಚುವ ಕಾಲ ಬಂದಿದೆ.

ನೆಲಕ್ಕೆ ಬಳಿಯುವ ಅಕ್ರಿಲಿಕ್ ಪಾಲಿಷನ್ನು ದೋಣಿಗೆ ಬಳಿಯುವ ಪದ್ಧತಿ ಅಮೆರಿಕದಲ್ಲಿ ಸಾಕಷ್ಟು ಬಳಕೆಯಲ್ಲಿದೆ. ಹಲವು ತೆಳು ಪದರಗಳನ್ನು ಒಂದರ ಮೇಲೊಂದು ಬಳಿದರೆ ಹಳೆಯ ದೋಣಿಯೂ ಹೊಸದರಂತೆ ಮಿಂಚುತ್ತದೆ. ಕೆಳಗಿನ ಹುಡಿಯನ್ನು ಪೂರ್ತಿ ತೆಗೆಯದೆ ಬಳಿದರೆ ಮಾತ್ರ ಪೊರೆ ಹಳದಿಯಾಗಿ ಸುಲಿದು ಬರುತ್ತದೆ, ಅದನ್ನು ಕೀಳುವುದು ಹೊಸ ತಲೆನೋವು. ಸಿಲಿಕೋನ್ ಬೆರೆತ ಪಾಲಿಷ್‌ಗಳು ಹೊಳಪು ಕೊಟ್ಟರೂ ಮುಂದೆ ಆ ಜಾಗಕ್ಕೆ ಬಣ್ಣ ಹಿಡಿಯದಂತೆ ಮಾಡುತ್ತವೆ.

ನೀರೊಳಗಿನ ತಳಕ್ಕೆ ಬಾರ್ನಕಲ್ ತಡೆಯುವ ಬಣ್ಣ ಬಳಿದಿದ್ದರೆ ಅದರ ಮೇಲೆ ಮೇಣ ಹಚ್ಚಬಾರದು, ಉಜ್ಜಲೂ ಬಾರದು. ಆ ಬಣ್ಣದಲ್ಲಿ ಸಾಮಾನ್ಯವಾಗಿ ತಾಮ್ರದ ಸಂಯುಕ್ತವಿದ್ದು, ಅದು ಸ್ವಲ್ಪಸ್ವಲ್ಪವಾಗಿ ನೀರಿಗೆ ಸೇರುವುದರಿಂದಲೇ ಬಣ್ಣ ಕೆಲಸ ಮಾಡುತ್ತದೆ.

ಎಚ್ಚರಿಕೆ

ಮನೆಯಲ್ಲಿ ಇರುವ ವಸ್ತು ಎಂದಮಾತ್ರಕ್ಕೆ ಅದು ನಿರಪಾಯ ಅಲ್ಲ. ಬ್ಲೀಚಿಗೆ ಯಾವುದೇ ಆಮ್ಲ ಸೇರಿದರೆ, ಅದು ವಿನೆಗರ್ ಆಗಿರಲಿ, ಶೌಚಾಲಯದ ದ್ರವವಾಗಿರಲಿ, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಬ್ಲೀಚ್ ಮತ್ತು ಅಮೋನಿಯಾ ಕೂಡಿದರೆ ಕ್ಲೋರಮೈನ್ ಅನಿಲ ಬರುತ್ತದೆ. ದೋಣಿಯ ಒಳಗಿನ ಇಕ್ಕಟ್ಟಾದ ಜಾಗದಲ್ಲಿ ಇವು ಪ್ರಾಣಕ್ಕೆ ಸಂಚಕಾರ. ಒಂದು ವಸ್ತುವನ್ನು ಪೂರ್ತಿ ತೊಳೆಯದೆ ಇನ್ನೊಂದನ್ನು ಹಚ್ಚಬಾರದು. ಆಕ್ಸಾಲಿಕ್ ಆಮ್ಲ ನುಂಗಿದರೆ ವಿಷ. ಅದನ್ನು ಸಕ್ಕರೆ ಉಪ್ಪಿನ ಡಬ್ಬಿಗಳ ಬಳಿ ಇಡಬಾರದು, ಹೆಸರು ಬರೆದು ಮಕ್ಕಳ ಕೈಗೆ ಎಟುಕದ ಕಡೆ ಇಡಬೇಕು. ರಬ್ಬರ್ ಕೈಗವಸು, ಕನ್ನಡಕ, ಒಣ ಉಜ್ಜುವಿಕೆಗೆ ಮುಖಗವಸು ಕಡ್ಡಾಯ. ಯಾವ ವಸ್ತುವನ್ನಾದರೂ ಮೊದಲು ಕಾಣದ ಮೂಲೆಯಲ್ಲಿ ಅಂಗೈಯಗಲ ಹಚ್ಚಿ ನೋಡಿದ ಮೇಲಷ್ಟೇ ಇಡೀ ಮೈಗೆ ಬಳಸಬೇಕು.

ನೀರಿನ ಜೀವಿಗಳಿಗೆ ಈ ಕೆಲಸದಿಂದ ಆಗುವ ಹಾನಿಯೂ ಗಂಭೀರ. ಮಾರ್ಜಕಗಳು ಮೀನಿನ ಕಿವಿರುಗಳನ್ನು ನೋಯಿಸುತ್ತವೆ. ಬ್ಲೀಚ್ ಮೊಟ್ಟೆ, ಮರಿಗಳನ್ನು ಕೊಲ್ಲುತ್ತದೆ. ಉಜ್ಜಿದ ಹುಡಿ ಪ್ಲಾಸ್ಟಿಕ್ಕಿನ ಕಣ. ಬಾರ್ನಕಲ್ ತಡೆಗೆ ಒಂದು ಕಾಲಕ್ಕೆ ಬಳಸುತ್ತಿದ್ದ ಟ್ರೈಬ್ಯುಟೈಲ್ ಟಿನ್ ಚಿಪ್ಪುಜೀವಿಗಳ ಸಂತತಿಗೇ ಕುತ್ತು ತಂದಿತ್ತು. ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆಯ ಅಡಿಯಲ್ಲಿ 2001ರಲ್ಲಿ ಒಪ್ಪಿ 2008ರಲ್ಲಿ ಜಾರಿಗೆ ಬಂದ ಒಡಂಬಡಿಕೆ ಅದನ್ನು ನಿಷೇಧಿಸಿತು. ತೊಳೆಯುವ ಕೆಲಸವನ್ನು ದಡದಿಂದ ದೂರ, ತೊಳೆದ ನೀರು ನೇರವಾಗಿ ಹೊಳೆಗೆ ಹರಿಯದ ಜಾಗದಲ್ಲಿ ಮಾಡುವುದು ಮೀನಿನಿಂದ ಬದುಕುವ ಪ್ರತಿಯೊಬ್ಬರ ಹೊಣೆ.

ಕರ್ನಾಟಕದ ಕರಾವಳಿಯಲ್ಲಿ

ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಯಲ್ಲಿ ನಾಡದೋಣಿಗಳಾಗಿ ಫೈಬರ್ ದೋಣಿಗಳು ಬಳಕೆಯಲ್ಲಿವೆ. ಮಲ್ಪೆ, ಗಂಗೊಳ್ಳಿ, ಹೊನ್ನಾವರ, ತದಡಿಯಂಥ ಬಂದರುಗಳಲ್ಲಿ ಇವನ್ನು ದಿನವೂ ಕಾಣಬಹುದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಯಾಂತ್ರೀಕೃತ ದೋಣಿಗಳು ದಡ ಸೇರಿ ದುರಸ್ತಿಗೆ ನಿಲ್ಲುತ್ತವೆ. 10 ಅಶ್ವಶಕ್ತಿವರೆಗಿನ ಎಂಜಿನ್ನಿನ ನಾಡದೋಣಿಗಳಿಗೆ ಆಗಲೂ ಮೀನುಗಾರಿಕೆಗೆ ಅವಕಾಶವಿದೆ. ಹೀಗಾಗಿ ನಾಡದೋಣಿಗಳ ದೊಡ್ಡ ಶುಚಿಕಾರ್ಯಕ್ಕೆ ಮಳೆ ನಿಂತ ಮೇಲಿನ ಬಿಡುವಿನ ದಿನಗಳೇ ಅನುಕೂಲ.

ಕಲೆಗಳ ವಿಷಯದಲ್ಲೂ ಈ ಕರಾವಳಿಗೆ ತನ್ನದೇ ಲಕ್ಷಣವಿದೆ. ಮುರಕಲ್ಲಿನ ಮಣ್ಣಿನಲ್ಲಿ ಕಬ್ಬಿಣ ಹೇರಳ. ನೇತ್ರಾವತಿ, ಶರಾವತಿ, ಅಘನಾಶಿನಿ, ಕಾಳಿ ನದಿಗಳು ಘಟ್ಟದ ಕಾಡಿನಿಂದ ಎಲೆಯ ಚೊಗರನ್ನೂ ಕೆಂಪು ಮಣ್ಣನ್ನೂ ಹೊತ್ತು ತರುತ್ತವೆ. ಅಳಿವೆಯಲ್ಲಿ ಕಟ್ಟಿದ ಬಿಳಿ ದೋಣಿಯ ನೀರ್ಗೆರೆ ಕಂದಾಗಲು ಬೇಕಾದ ಎರಡೂ ವಸ್ತುಗಳು ಇಲ್ಲಿ ಒಟ್ಟಿಗೇ ಸಿಗುತ್ತವೆ. ಅಂಥ ದೋಣಿಗೆ ಮರಳು ಹಾಕಿ ತಿಕ್ಕುವ ಬದಲು ಆಕ್ಸಾಲಿಕ್ ಆಮ್ಲದ ತೆಳು ದ್ರಾವಣ ಬಳಸಿದರೆ ಜೆಲ್‌ಕೋಟ್ ಉಳಿಯುತ್ತದೆ, ಶ್ರಮವೂ ಉಳಿಯುತ್ತದೆ.

ಕೆಲಸದ ಕ್ರಮ ಮತ್ತು ಫಲ

ಒಟ್ಟು ಕ್ರಮ ಸರಳ: ಸಿಹಿನೀರು, ಮಾರ್ಜಕ, ಸುಣ್ಣಕ್ಕೆ ವಿನೆಗರ್, ಕಬ್ಬಿಣಕ್ಕೆ ಆಕ್ಸಾಲಿಕ್ ಆಮ್ಲ, ಅಗತ್ಯವಿದ್ದರಷ್ಟೇ ಉಜ್ಜುವಿಕೆ, ಕೊನೆಗೆ ಮೇಣ. ಪ್ರತಿ ಹಂತದಲ್ಲೂ ಸೌಮ್ಯವಾದದ್ದನ್ನು ಮೊದಲು ಪ್ರಯೋಗಿಸಿ, ಅದು ಸೋತರೆ ಮಾತ್ರ ಬಿರುಸಾದದ್ದಕ್ಕೆ ಹೋಗಬೇಕು. ಮೇಣ ಹಾಕಿದ ದೋಣಿಗೆ ಮುಂದಿನ ವರ್ಷ ಉಜ್ಜುವ ಕೆಲಸವೇ ಬೇಕಾಗದಿರಬಹುದು.

ಪಾಲಿಯೆಸ್ಟರ್ ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಿಸಿ ಅಚ್ಚು ಹಾಕಲು ಬರುವುದಿಲ್ಲ. ಕೆಟ್ಟ ಫೈಬರ್ ದೋಣಿ ಮರದಂತೆ ಮಣ್ಣಾಗುವುದೂ ಇಲ್ಲ, ಕಬ್ಬಿಣದಂತೆ ಗುಜರಿಗೆ ಬೆಲೆ ತರುವುದೂ ಇಲ್ಲ. ಇರುವ ದೋಣಿಯನ್ನು ಚೆನ್ನಾಗಿ ಇಟ್ಟುಕೊಂಡು ಹೆಚ್ಚು ವರ್ಷ ಬಳಸುವುದು ಮಾಲೀಕನ ಜೇಬಿಗೂ ದಡಕ್ಕೂ ಒಳ್ಳೆಯದು. ಅದಕ್ಕೆ ಬೇಕಾದ ವಸ್ತುಗಳಲ್ಲಿ ಹೆಚ್ಚಿನವು ಮನೆಯಲ್ಲೇ ಇವೆ.